ಸಿಸ್ಪ್ ೧

ಸಿಸ್ಪ್ ೧ ಎಂಬುದು ಹಂಗೇರಿ ಮೂಲದ ಫ್ರೆಂಚ್ ಶಿಲ್ಪಿ ನಿಕೊಲಾ ಶೋಫರ್ ಅವರು ೧೯೫೬ರಲ್ಲಿ ರಚಿಸಿದ ಚಲಿಸುವ ಲೋಹಶಿಲ್ಪ. ಸುತ್ತಲಿನ ಬಣ್ಣ, ಬೆಳಕು ಮತ್ತು ಶಬ್ದಗಳಲ್ಲಾಗುವ ಬದಲಾವಣೆಗಳನ್ನು ಗ್ರಹಿಸಿ, ಅವುಗಳಿಗೆ ತಕ್ಕಂತೆ ತಾನಾಗಿಯೇ ಚಲಿಸುವ ಸಾಮರ್ಥ್ಯ ಈ ಶಿಲ್ಪಕ್ಕಿತ್ತು. ಕಲೆಯ ಇತಿಹಾಸದಲ್ಲಿ ಇದನ್ನು ಮೊದಲ ಸೈಬರ್ನೆಟಿಕ್ ಶಿಲ್ಪವೆಂದು ಪರಿಗಣಿಸಲಾಗುತ್ತದೆ. ೧೯೫೬ರ ಆಗಸ್ಟ್ ತಿಂಗಳಿನಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರದಲ್ಲಿ, ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಅವರು ಕಟ್ಟಿದ ವಸತಿ ಸಮುಚ್ಚಯದ ತಾರಸಿಯ ಮೇಲೆ, ನೃತ್ಯಸಂಯೋಜಕ ಮೋರಿಸ್ ಬೆಜಾರ್ ಅವರ ತಂಡದ ನರ್ತಕರೊಂದಿಗೆ ಈ ಶಿಲ್ಪವು ಪ್ರದರ್ಶನದಲ್ಲಿ ಭಾಗವಹಿಸಿತು. ಲೋಹಶಿಲ್ಪವು ರಂಗದ ಹಿನ್ನೆಲೆಯಾಗಿ ನಿಲ್ಲದೆ, ನರ್ತಕರ ಜೊತೆಗಾರನಾಗಿ ವರ್ತಿಸಿದ ಆರಂಭಿಕ ನಿದರ್ಶನಗಳಲ್ಲಿ ಇದು ಮುಖ್ಯವಾದುದು.

ಹೆಸರು

‘ಸಿಸ್ಪ್’ ಎಂಬುದು ಎರಡು ಪದಗಳ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು. ಮೊದಲನೆಯದು ಸೈಬರ್ನೆಟಿಕ್ಸ್, ಎರಡನೆಯದು ಸ್ಪೇಶಿಯೋಡೈನಮಿಸಂ. ಸೈಬರ್ನೆಟಿಕ್ಸ್ ಎಂದರೆ ಜೀವಿಗಳಲ್ಲಿಯೂ ಯಂತ್ರಗಳಲ್ಲಿಯೂ ನಿಯಂತ್ರಣ ಮತ್ತು ಸಂವಹನಗಳು ಹೇಗೆ ನಡೆಯುತ್ತವೆ ಎಂಬುದನ್ನು ಅಭ್ಯಸಿಸುವ ಶಾಸ್ತ್ರ. ಹಡಗಿನ ಚುಕ್ಕಾಣಿ ಹಿಡಿಯುವವನು ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಸ್ಪೇಶಿಯೋಡೈನಮಿಸಂ ಎಂಬುದು ಶೋಫರ್ ಅವರೇ ೧೯೪೮ರಲ್ಲಿ ರೂಪಿಸಿದ ಕಲಾತತ್ತ್ವ. ಶಿಲ್ಪದ ನಿಜವಾದ ದ್ರವ್ಯ ಕಲ್ಲು ಅಥವಾ ಲೋಹವಲ್ಲ, ಅದು ಸುತ್ತುವರಿದು ಕ್ರಿಯಾಶೀಲಗೊಳಿಸುವ ಅವಕಾಶವೇ (ಆಕಾಶ) ಆಗಿದೆ ಎಂಬುದು ಇದರ ಸಾರ. ಈ ಕಾರಣದಿಂದ ಅವರ ಶಿಲ್ಪಗಳಲ್ಲಿ ತುಂಬಿದ ಘನಾಕೃತಿಗಳಿಲ್ಲ. ಲೋಹದ ಸರಳುಗಳ ಚೌಕಟ್ಟು, ಅದರಲ್ಲಿ ಅಲ್ಲಲ್ಲಿ ನಿಲ್ಲಿಸಿದ ಫಲಕಗಳು ಮತ್ತು ಇವುಗಳ ನಡುವೆ ಹಾದುಹೋಗುವ ಗಾಳಿ–ಬೆಳಕು ಇವಷ್ಟೇ ಅಲ್ಲಿರುವುದು.

ಹಿನ್ನೆಲೆ

ನಿಕೊಲಾ ಶೋಫರ್ ಅವರು ೧೯೧೨ರಲ್ಲಿ ಹಂಗೇರಿಯ ಕಲೊಚಾ ಪಟ್ಟಣದಲ್ಲಿ ಜನಿಸಿದರು. ಬುಡಾಪೆಸ್ಟ್‌ನಲ್ಲಿ ಚಿತ್ರಕಲೆಯ ಶಿಕ್ಷಣ ಪಡೆದು, ೧೯೩೬ರಲ್ಲಿ ಪ್ಯಾರಿಸ್‌ಗೆ ಬಂದು ನೆಲೆಸಿದರು. ೧೯೪೮ರಲ್ಲಿ ಅವರಿಗೆ ಫ್ರೆಂಚ್ ಪೌರತ್ವ ದೊರೆಯಿತು. ಅದೇ ವರ್ಷ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ಅವರು ಸೈಬರ್ನೆಟಿಕ್ಸ್ ಕುರಿತು ಬರೆದ ಪ್ರಸಿದ್ಧ ಗ್ರಂಥವು ಪ್ರಕಟವಾಯಿತು. ಹೊರಗಿನಿಂದ ಬಂದ ಮಾಹಿತಿಯನ್ನು ಆಧರಿಸಿ ತನ್ನ ನಡೆಯನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆಯ ಕಲ್ಪನೆ, ಅಂದರೆ ಹಿಮ್ಮಾಹಿತಿಯ ಕಲ್ಪನೆ, ಶೋಫರ್ ಅವರನ್ನು ಗಾಢವಾಗಿ ಆಕರ್ಷಿಸಿತು. ಸಿಸ್ಪ್ ೧ ರೂಪುಗೊಳ್ಳುತ್ತಿದ್ದ ೧೯೫೫–೫೬ರ ಅವಧಿಯಲ್ಲಿ ವೀನರ್ ಅವರು ಕಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು.

ಚಲಿಸುವ ಲೋಹಶಿಲ್ಪದ ಕಲ್ಪನೆ ಶೋಫರ್ ಅವರಿಗಿಂತ ಹಳೆಯದು. ರಷ್ಯದ ನೌಮ್ ಗಾಬೊ ಅವರು ೧೯೨೦ರಲ್ಲಿಯೇ ವಿದ್ಯುತ್ ಮೋಟಾರಿನಿಂದ ಕಂಪಿಸುವ ಲೋಹದ ಸರಳೊಂದನ್ನು ಕಲಾಕೃತಿಯಾಗಿ ಪ್ರದರ್ಶಿಸಿದ್ದರು. ಹಂಗೇರಿಯವರೇ ಆದ ಲಾಸ್ಲೊ ಮೊಹೊಲಿ-ನಾಗಿ ಅವರು ೧೯೩೦ರಲ್ಲಿ ಪೂರ್ಣಗೊಳಿಸಿದ, ಲೋಹ ಮತ್ತು ಗಾಜುಗಳಿಂದಾದ ಬೆಳಕಿನ ಯಂತ್ರವನ್ನು ವಿದ್ಯುತ್ ರಂಗಭೂಮಿಗೆಂದೇ ಕಲ್ಪಿಸಲಾಗಿತ್ತು. ಜರ್ಮನಿಯ ಓಸ್ಕರ್ ಶ್ಲೆಮ್ಮರ್ ಅವರು ೧೯೨೨ರ ‘ತ್ರಿಕ ಬ್ಯಾಲೆ’ಯಲ್ಲಿ ನರ್ತಕರಿಗೆ ಜ್ಯಾಮಿತೀಯ ಆಕೃತಿಗಳ ಉಡುಪು ತೊಡಿಸಿ, ಮನುಷ್ಯ ದೇಹವನ್ನೇ ಚಲಿಸುವ ಶಿಲ್ಪವಾಗಿಸಿದ್ದರು. ಆದರೆ ಗಾಬೊ ಮತ್ತು ಮೊಹೊಲಿ-ನಾಗಿ ಅವರ ಯಂತ್ರಗಳು ಮೊದಲೇ ಗೊತ್ತುಪಡಿಸಿದ ಚಲನೆಯನ್ನು ಮರಳಿ ಮರಳಿ ಮಾಡುತ್ತಿದ್ದವು. ಎದುರಿಗೆ ಯಾರಿದ್ದಾರೆ, ಏನು ನಡೆಯುತ್ತಿದೆ ಎಂಬುದು ಅವುಗಳಿಗೆ ತಿಳಿಯುವಂತಿರಲಿಲ್ಲ. ಸಿಸ್ಪ್ ೧ ಈ ಮಿತಿಯನ್ನು ದಾಟಲು ಯತ್ನಿಸಿತು.

ಶೋಫರ್ ಅವರ ಮೊದಲ ದೊಡ್ಡ ಪ್ರಯೋಗ ೧೯೫೦ರ ದಶಕದ ಮಧ್ಯಭಾಗದಲ್ಲಿ ಪ್ಯಾರಿಸ್ ಸಮೀಪದ ಸಾಂ ಕ್ಲೂ ಉದ್ಯಾನದಲ್ಲಿ ನಡೆಯಿತು. ಅಲ್ಲಿ ಅವರು ಸುಮಾರು ೫೦ ಮೀಟರ್ ಎತ್ತರದ ಲೋಹದ ಗೋಪುರವನ್ನು ನಿಲ್ಲಿಸಿದರು. ಸುತ್ತಲಿನ ವಾತಾವರಣದ ಬದಲಾವಣೆಗಳಿಗೆ ಅನುಸಾರವಾಗಿ ಈ ಗೋಪುರದಿಂದ ಧ್ವನಿಗಳು ಹೊಮ್ಮುತ್ತಿದ್ದವು. ಧ್ವನಿಗಳನ್ನು ಸಿದ್ಧಪಡಿಸಿದವರು ಸಂಗೀತಗಾರ ಪಿಯೆರ್ ಆನ್ರಿ. ಗೋಪುರವು ಕೇಳಿಸಿಕೊಂಡು ನುಡಿಯುತ್ತಿತ್ತಾದರೂ ನಿಂತ ಜಾಗದಿಂದ ಕದಲುತ್ತಿರಲಿಲ್ಲ. ಸ್ಥಳದಿಂದ ಸ್ಥಳಕ್ಕೆ ಚಲಿಸುವ ಶಿಲ್ಪ ಮುಂದಿನ ಹೆಜ್ಜೆಯಾಯಿತು.

ರಚನೆ

ಸಿಸ್ಪ್ ೧ ಸುಮಾರು ೧೮೦ ಸೆಂಟಿಮೀಟರ್ ಎತ್ತರವಿದೆ. ಗೋಪುರಗಳಿಗೆ ಹೋಲಿಸಿದರೆ ಚಿಕ್ಕದಾದ ಈ ಅಳತೆ ಹೆಚ್ಚುಕಡಿಮೆ ಒಬ್ಬ ಮನುಷ್ಯನ ಎತ್ತರಕ್ಕೆ ಸಮ. ಇದರಿಂದಾಗಿ ರಂಗದ ಮೇಲೆ ಅದು ನರ್ತಕರ ಸರಿಸಮಕ್ಕೆ ನಿಲ್ಲುತ್ತದೆ. ಲಂಬ ಮತ್ತು ಅಡ್ಡ ಸರಳುಗಳಿಂದ ಕೂಡಿದ ಉಕ್ಕು ಹಾಗೂ ಹಗುರ ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟು ಇದರ ಮುಖ್ಯ ಭಾಗ. ಚೌಕಟ್ಟಿಗೆ ಬಣ್ಣ ಬಳಿದ ೧೬ ಫಲಕಗಳನ್ನು ಜೋಡಿಸಲಾಗಿದೆ. ಪ್ರತಿಯೊಂದು ಫಲಕವೂ ತನ್ನ ಅಕ್ಷದ ಮೇಲೆ ತಿರುಗಬಲ್ಲದು; ಅದಕ್ಕಾಗಿ ಅಕ್ಷದ ಕೆಳಗೆ ಪುಟ್ಟ ಮೋಟಾರು ಇದೆ. ಇಡೀ ಶಿಲ್ಪವು ನಾಲ್ಕು ಉರುಳೆಗಳುಳ್ಳ ಪೀಠದ ಮೇಲೆ ನಿಂತಿದೆ. ಚಲನೆಯ ಯಂತ್ರಭಾಗಗಳೂ, ಆ ಕಾಲದಲ್ಲಿ ‘ಎಲೆಕ್ಟ್ರಾನಿಕ್ ಮಿದುಳು’ ಎಂದು ಕರೆಯಲಾದ ನಿಯಂತ್ರಣ ಸಾಧನವೂ ಈ ಪೀಠದೊಳಗಿವೆ.

ಈ ನಿಯಂತ್ರಣ ಸಾಧನವನ್ನು ಫಿಲಿಪ್ಸ್ ಸಂಸ್ಥೆಯ ನೆರವಿನಿಂದ, ಎಂಜಿನಿಯರ್ ಫ್ರಾನ್ಸ್ವಾ ಟೆರ್ನಿ ಅವರ ಸಹಯೋಗದಲ್ಲಿ ತಯಾರಿಸಲಾಯಿತು. ಶಿಲ್ಪಿಯೊಬ್ಬರು ಕಾರ್ಖಾನೆಯ ಎಂಜಿನಿಯರರ ಜೊತೆ ಕುಳಿತು ಕೃತಿಯೊಂದನ್ನು ರೂಪಿಸುವುದು ಆಗ ಅಪರೂಪವಾಗಿತ್ತು. ಶೋಫರ್ ಅವರ ಮುಂದಿನ ಬಹುತೇಕ ದೊಡ್ಡ ಕೃತಿಗಳು ಇಂತಹ ಸಹಯೋಗದಿಂದಲೇ ಹುಟ್ಟಿದವು.

ಕಾರ್ಯವಿಧಾನ

ಶಿಲ್ಪದಲ್ಲಿ ಅಳವಡಿಸಿದ ದ್ಯುತಿವಿದ್ಯುತ್ ಕೋಶಗಳು ಬಣ್ಣ ಮತ್ತು ಬೆಳಕಿನ ತೀವ್ರತೆಯನ್ನೂ, ಮೈಕ್ರೋಫೋನ್ ಶಬ್ದದ ತೀವ್ರತೆಯನ್ನೂ ಗ್ರಹಿಸುತ್ತವೆ. ಗ್ರಹಿಸಿದ ಬದಲಾವಣೆಗಳಿಗೆ ಶಿಲ್ಪವು ಎರಡು ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ: ಒಂದು, ಪೀಠದ ಉರುಳೆಗಳ ಮೇಲೆ ಇಡೀ ಶಿಲ್ಪದ ಚಲನೆ, ಇನ್ನೊಂದು, ಫಲಕಗಳ ತಿರುಗುವಿಕೆ. ಇದರ ನಿಯಮಗಳನ್ನು ಶೋಫರ್ ಅವರು ಹೀಗೆ ವಿವರಿಸಿದ್ದಾರೆ:

• ನೀಲಿ ಬಣ್ಣ ಎದುರಾದಾಗ ಶಿಲ್ಪ ಉದ್ರೇಕಗೊಳ್ಳುತ್ತದೆ. ಮುಂದೆ ಬರುತ್ತದೆ, ಹಿಂದೆ ಸರಿಯುತ್ತದೆ ಅಥವಾ ಥಟ್ಟನೆ ತಿರುಗುತ್ತದೆ; ಫಲಕಗಳು ವೇಗವಾಗಿ ಸುತ್ತುತ್ತವೆ.
• ಕೆಂಪು ಬಣ್ಣ ಎದುರಾದಾಗ ಶಾಂತವಾಗುತ್ತದೆ.
• ನಿಶ್ಶಬ್ದದಲ್ಲಿ ಉದ್ರೇಕಗೊಳ್ಳುತ್ತದೆ, ಗದ್ದಲದಲ್ಲಿ ಶಾಂತವಾಗುತ್ತದೆ.
• ಕತ್ತಲಿನಲ್ಲಿ ಉದ್ರೇಕಗೊಳ್ಳುತ್ತದೆ, ತೀವ್ರ ಬೆಳಕಿನಲ್ಲಿ ಶಾಂತವಾಗುತ್ತದೆ.

ಈ ನಿಯಮಗಳು ಸರಳವಾಗಿವೆ. ಆದರೆ ಬಣ್ಣ, ಬೆಳಕು ಮತ್ತು ಶಬ್ದಗಳು ಏಕಕಾಲದಲ್ಲಿ ಬದಲಾಗುತ್ತಿರುವಾಗ, ಒಂದು ಸೂಚನೆ ಶಿಲ್ಪವನ್ನು ಕೆರಳಿಸುತ್ತಿದ್ದರೆ ಇನ್ನೊಂದು ಅದನ್ನು ತಣಿಸುತ್ತಿರುತ್ತದೆ. ಹೀಗಾಗಿ ಮುಂದಿನ ಕ್ಷಣದಲ್ಲಿ ಶಿಲ್ಪ ಏನು ಮಾಡೀತೆಂದು ಮುಂಚಿತವಾಗಿ ಹೇಳಲಾಗದು. ಈ ಅನಿರೀಕ್ಷಿತತೆಯೇ ಶಿಲ್ಪಕ್ಕೆ ಜೀವಂತಿಕೆಯ ಕಳೆಯನ್ನು ಕೊಡುತ್ತದೆ ಎಂಬುದು ಶೋಫರ್ ಅವರ ನಿಲುವಾಗಿತ್ತು. ಬ್ರಿಟಿಷ್ ವಿಜ್ಞಾನಿ ಗ್ರೇ ವಾಲ್ಟರ್ ಅವರು ೧೯೪೦ರ ದಶಕದ ಕೊನೆಯಲ್ಲಿ ಬೆಳಕಿಗೆ ಪ್ರತಿಕ್ರಿಯಿಸುವ ಪುಟ್ಟ ಯಂತ್ರ-ಆಮೆಗಳನ್ನು ತಯಾರಿಸಿದ್ದರು. ಸಿಸ್ಪ್ ೧ ತತ್ತ್ವದಲ್ಲಿ ಅವುಗಳಿಗೆ ಸಮೀಪವಾದುದು. ಆದರೆ ಅವುಗಳ ಉದ್ದೇಶ ನರವ್ಯೂಹದ ಅಧ್ಯಯನ, ಇದರ ಉದ್ದೇಶ ರಂಗಪ್ರದರ್ಶನ.

ಮಾರ್ಸೇಲ್ಸ್ ಪ್ರದರ್ಶನ

ಸಿಸ್ಪ್ ೧ ೧೯೫೬ರಲ್ಲಿ ಪ್ಯಾರಿಸ್‌ನ ಸಾರಾ ಬರ್ನಾರ್ಟ್ ರಂಗಮಂದಿರದಲ್ಲಿ ನಡೆದ ಕಾವ್ಯರಾತ್ರಿಯಲ್ಲಿ ಸಾರ್ವಜನಿಕರ ಮುಂದೆ ಕಾಣಿಸಿಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮಾರ್ಸೇಲ್ಸ್‌ನಲ್ಲಿ ನಡೆದ ನವ್ಯಕಲೆಗಳ ಉತ್ಸವದಲ್ಲಿ ಅದು ನರ್ತಕರೊಂದಿಗೆ ರಂಗವನ್ನು ಹಂಚಿಕೊಂಡಿತು.

ಪ್ರದರ್ಶನದ ಸ್ಥಳವೂ ಗಮನಾರ್ಹವಾದುದು. ಲೆ ಕಾರ್ಬೂಸಿಯೆ ಅವರ ಈ ವಸತಿ ಸಮುಚ್ಚಯವನ್ನು ೧೯೪೭ರಿಂದ ೧೯೫೨ರವರೆಗೆ ಕಟ್ಟಲಾಯಿತು. ಒಂದೇ ಕಟ್ಟಡದಲ್ಲಿ ೩೩೭ ಮನೆಗಳಿವೆ. ತಾರಸಿಯ ಮೇಲೆ ಮಕ್ಕಳ ಶಾಲೆ, ಓಟದ ಹಾದಿ, ನೀರಿನ ಕೊಳ ಮತ್ತು ಬಯಲು ರಂಗಗಳನ್ನು ಅಳವಡಿಸಲಾಗಿತ್ತು. ಗಾಳಿ ಹೋಗಲು ಮಾಡಿದ ಕಾಂಕ್ರೀಟ್ ಚಿಮಣಿಗಳು ಸಹ ಅಲ್ಲಿ ಶಿಲ್ಪಗಳಂತೆ ನಿಂತಿವೆ. ಹೀಗಾಗಿ ಲೋಹ, ಕಾಂಕ್ರೀಟ್, ಬಯಲು ಆಕಾಶ ಮತ್ತು ಮನುಷ್ಯದೇಹ ಒಂದೇ ನೋಟದಲ್ಲಿ ಸೇರುವ ಅವಕಾಶ ಒದಗಿತು. ಚಂಡೀಗಢದ ಸಚಿವಾಲಯ–ವಿಧಾನಸಭೆಗಳ ಸಂಕೀರ್ಣದೊಂದಿಗೆ ಈ ಕಟ್ಟಡವೂ ೨೦೧೬ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನೃತ್ಯ ಸಂಯೋಜಿಸಿದ ಮೋರಿಸ್ ಬೆಜಾರ್ (೧೯೨೭–೨೦೦೭) ಮಾರ್ಸೇಲ್ಸ್‌ನಲ್ಲಿಯೇ ಹುಟ್ಟಿದವರು. ಅದರ ಹಿಂದಿನ ವರ್ಷ, ೧೯೫೫ರಲ್ಲಿ, ಪಿಯೆರ್ ಷೆಫರ್ ಮತ್ತು ಪಿಯೆರ್ ಆನ್ರಿ ಅವರು ಜೊತೆಯಾಗಿ ರಚಿಸಿದ ‘ಒಬ್ಬಂಟಿಗನಿಗಾಗಿ ಸಿಂಫನಿ’ ಎಂಬ ಕೃತಿಗೆ ಬೆಜಾರ್ ಮಾಡಿದ ನೃತ್ಯ ಸಂಯೋಜನೆಯಿಂದ ಅವರ ಹೆಸರು ಪ್ರಸಿದ್ಧಿಗೆ ಬಂದಿತ್ತು. ಉಸಿರು, ಹೆಜ್ಜೆಸಪ್ಪಳ, ಬಾಗಿಲು ಬಡಿತ ಮುಂತಾದ ನಿತ್ಯಜೀವನದ ಶಬ್ದಗಳನ್ನು ಧ್ವನಿಮುದ್ರಿಸಿ, ಕತ್ತರಿಸಿ ಜೋಡಿಸಿದ ಇಂತಹ ಸಂಗೀತಕ್ಕೆ ನರ್ತಿಸಿ ಅಭ್ಯಾಸವಿದ್ದ ತಂಡಕ್ಕೆ ಯಂತ್ರದೊಂದಿಗೆ ನರ್ತಿಸುವುದು ಸಂಪೂರ್ಣ ಅಪರಿಚಿತವಾದ ಲೋಕವಾಗಿರಲಿಲ್ಲ. ಸಿಸ್ಪ್ ಪ್ರದರ್ಶನಕ್ಕೂ ಪಿಯೆರ್ ಆನ್ರಿ ಅವರದೇ ಸಂಗೀತವಿತ್ತು.

ನೃತ್ಯದ ದೃಷ್ಟಿಯಿಂದ

ರಂಗದ ಮೇಲೆ ಸಾಮಾನ್ಯವಾಗಿ ಶಿಲ್ಪವು ಸ್ಥಿರ, ದೇಹ ಚಲ. ನರ್ತಕರು ಶಿಲ್ಪವನ್ನು ಏರುತ್ತಾರೆ, ಸುತ್ತುತ್ತಾರೆ, ಅದಕ್ಕೆ ಒರಗುತ್ತಾರೆ. ಅದರ ಅಳತೆ ಮತ್ತು ಸ್ಥಾನ ಅವರಿಗೆ ಮೊದಲೇ ಗೊತ್ತಿರುತ್ತದೆ. ಸಿಸ್ಪ್ ೧ ಈ ನಂಬಿಕೆಯನ್ನು ತೆಗೆದುಹಾಕಿತು. ಲೋಹದ ಅಂಚುಗಳುಳ್ಳ, ಆಳೆತ್ತರದ ವಸ್ತುವೊಂದು ಮುಂದೆ ಬರುವುದೋ ಹಿಂದೆ ಸರಿಯುವುದೋ ತಿಳಿಯದಿರುವಾಗ, ನರ್ತಕರು ಕಂಠಪಾಠ ಮಾಡಿದ ಹೆಜ್ಜೆಗಳನ್ನಷ್ಟೇ ನೆಚ್ಚಿಕೊಳ್ಳುವಂತಿಲ್ಲ. ಕ್ಷಣಕ್ಷಣವೂ ಅದನ್ನು ಗಮನಿಸುತ್ತಾ, ತಮ್ಮ ಚಲನೆಯನ್ನು ಹೊಂದಿಸಿಕೊಳ್ಳಬೇಕಾಗುತ್ತದೆ.

ಶಿಲ್ಪದ ನಿಯಮಗಳು ನೃತ್ಯದ ರೂಢಿಗೆ ವಿರುದ್ಧವಾಗಿರುವುದೂ ಗಮನಿಸಬೇಕಾದ ಅಂಶ. ಬಹುತೇಕ ನೃತ್ಯಪದ್ಧತಿಗಳಲ್ಲಿ ವಾದ್ಯದ ಭರಾಟೆ ಹೆಚ್ಚಿದಂತೆ ಚಲನೆಯ ಕಾವೂ ಏರುತ್ತದೆ. ವಾದ್ಯ ನಿಂತರೆ ನರ್ತಕ ನಿಲ್ಲುತ್ತಾನೆ. ಸಿಸ್ಪ್ ೧ರಲ್ಲಿ ಈ ಕ್ರಮ ತಲೆಕೆಳಗಾಗಿದೆ. ಸಂಗೀತ ಜೋರಾದಾಗ ಅದು ತಣ್ಣಗಾಗುತ್ತದೆ. ಸಂಗೀತ ನಿಂತಾಗ ಕೆರಳುತ್ತದೆ. ಮನುಷ್ಯರ ವಿರಾಮದ ಹೊತ್ತು ಶಿಲ್ಪದ ಚಟುವಟಿಕೆಯ ಹೊತ್ತಾಗುತ್ತದೆ. ಹಾಗೆಯೇ ನರ್ತಕರ ಉಡುಪಿನ ಬಣ್ಣ ಕೇವಲ ಅಲಂಕಾರವಾಗಿ ಉಳಿಯುವುದಿಲ್ಲ. ಈ ತತ್ತ್ವದ ಪ್ರಕಾರ ನೀಲಿಯು ಶಿಲ್ಪವನ್ನು ಎಬ್ಬಿಸುವ ಸಂಕೇತ, ಕೆಂಪು ಅದನ್ನು ತಡೆಯುವ ಸಂಕೇತ. ನರ್ತಕನ ದೇಹ ಬೆಳಕಿಗೆ ಅಡ್ಡ ಬಂದು ನೆರಳು ಬಿದ್ದರೆ ಅದೂ ಒಂದು ಸೂಚನೆ.

ಹೀಗೆ ಶಿಲ್ಪವನ್ನು ನರ್ತಕರು ನಡೆಸುತ್ತಾರೋ ನರ್ತಕರನ್ನು ಶಿಲ್ಪವು ನಡೆಸುತ್ತದೆಯೋ ಎಂಬ ಪ್ರಶ್ನೆ ಏಳುತ್ತದೆ. ಶೋಫರ್ ಅವರು ಇನ್ನೂ ಮುಂದೆ ಹೋಗಿ, ಸ್ವಂತ ಪ್ರೇರಣೆಯಿಂದ ವರ್ತಿಸುವ ಅಮೂರ್ತ ಕಲಾಕೃತಿಯು ರಂಗದ ಮೇಲೆ ಮನುಷ್ಯನ ಸ್ಥಾನವನ್ನು ತುಂಬುವುದು ಈಗ ಸಾಧ್ಯವೆಂದೂ, ಪ್ರದರ್ಶನಲೋಕಕ್ಕೆ ಹೊಸ ಜೀವಿಯೊಂದು ಪ್ರವೇಶಿಸಿದೆಯೆಂದೂ ಬರೆದರು. ಈ ಹೇಳಿಕೆಯು ಕೃತಿಯಷ್ಟೇ ಚರ್ಚೆಗೆ ಒಳಗಾಗಿದೆ.

ಬೃಹತ್ ಕೃತಿಗಳು ಮತ್ತು ಕಿಲ್ಡೆಕ್ಸ್ ೧

ಸಿಸ್ಪ್ ನಂತರ ಶೋಫರ್ ಅವರು ಎರಡು ದಾರಿಗಳಲ್ಲಿ ಮುಂದುವರಿದರು. ಒಂದು, ನಗರದ ನಡುವಿನ ಬೃಹತ್ ಗೋಪುರಗಳು. ಬೆಲ್ಜಿಯಂನ ಲಿಯೇಜ್ ನಗರದಲ್ಲಿ ಮ್ಯೂಸ್ ನದಿಯ ದಡದ ಬೊವೆರಿ ಉದ್ಯಾನದಲ್ಲಿ ೧೯೬೧ರಲ್ಲಿ ನಿಂತ ೫೨ ಮೀಟರ್ ಎತ್ತರದ ಸೈಬರ್ನೆಟಿಕ್ ಗೋಪುರ ಇವುಗಳಲ್ಲಿ ಪ್ರಸಿದ್ಧವಾದುದು. ತಿರುಗುವ ಲೋಹದ ಫಲಕಗಳೂ ಕನ್ನಡಿಗಳೂ ಇದರಲ್ಲಿವೆ. ಬಹುಕಾಲ ನಿಷ್ಕ್ರಿಯವಾಗಿದ್ದ ಈ ಗೋಪುರವನ್ನು ದುರಸ್ತಿಗೊಳಿಸಿ ೨೦೧೬ರಲ್ಲಿ ಮತ್ತೆ ಬೆಳಗಿಸಲಾಯಿತು. ಪ್ಯಾರಿಸ್‌ನ ಲಾ ದೆಫಾನ್ಸ್ ಪ್ರದೇಶಕ್ಕಾಗಿ ಅವರು ಯೋಜಿಸಿದ, ೩೦೦ ಮೀಟರಿಗೂ ಮಿಗಿಲಾದ ಬೆಳಕಿನ ಗೋಪುರವು ಕಾಗದದ ಮೇಲೆಯೇ ಉಳಿಯಿತು. ೧೯೬೮ರ ವೆನಿಸ್ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ಅವರಿಗೆ ಶಿಲ್ಪಕಲೆಯ ಮಹಾಪ್ರಶಸ್ತಿ ಲಭಿಸಿತು.

ಇನ್ನೊಂದು ದಾರಿ ರಂಗಭೂಮಿಯದು. ಅದರ ಮುಖ್ಯ ಫಲ ೧೯೭೩ರ ಫೆಬ್ರವರಿಯಲ್ಲಿ ಜರ್ಮನಿಯ ಹ್ಯಾಂಬರ್ಗ್ ಒಪೆರಾದಲ್ಲಿ ಪ್ರದರ್ಶಿತವಾದ ‘ಕಿಲ್ಡೆಕ್ಸ್ ೧’. ಆಗಿನ ನಿರ್ದೇಶಕ ರೋಲ್ಫ್ ಲೀಬರ್‌ಮನ್ ಅವರ ಆಹ್ವಾನದ ಮೇರೆಗೆ ಇದು ಸಿದ್ಧವಾಯಿತು. ಸಂಗೀತ ಪಿಯೆರ್ ಆನ್ರಿ ಅವರದು. ನೃತ್ಯ ಸಂಯೋಜನೆ ಅಮೆರಿಕದ ಆಲ್ವಿನ್ ನಿಕೊಲಾಯ್ ಅವರದು. ಬೆಳಕು, ಉಡುಪು ಮತ್ತು ವಸ್ತುಗಳ ನಡುವೆ ಮನುಷ್ಯದೇಹವನ್ನು ಕರಗಿಸಿಬಿಡುವ ನೃತ್ಯಶೈಲಿಗೆ ನಿಕೊಲಾಯ್ ಹೆಸರಾಗಿದ್ದರು. ನರ್ತಕರಲ್ಲಿ ಕ್ಯಾರೊಲಿನ್ ಕಾರ್ಲ್‌ಸನ್ ಅವರು ಇದ್ದರು. ಮುಂದೆ ಅವರು ಲೀಬರ್‌ಮನ್ ಅವರ ಕಾಲದಲ್ಲಿಯೇ ಪ್ಯಾರಿಸ್ ಒಪೆರಾ ಸೇರಿ, ಫ್ರಾನ್ಸಿನ ಸಮಕಾಲೀನ ನೃತ್ಯದ ಬೆಳವಣಿಗೆಗೆ ಕಾರಣರಾದರು.

ಕಿಲ್ಡೆಕ್ಸ್‌ನಲ್ಲಿ ಚಲಿಸುವ ಶಿಲ್ಪಗಳು, ಬೆಳಕಿನ ಯಂತ್ರಗಳು ಮತ್ತು ನರ್ತಕರು ಒಂದೇ ರಂಗದಲ್ಲಿದ್ದರು. ಇದರ ಅತಿ ದೊಡ್ಡ ಹೊಸತನವೆಂದರೆ ಪ್ರೇಕ್ಷಕರ ಪಾತ್ರ. ಪ್ರೇಕ್ಷಕರಿಗೆ ಬಣ್ಣದ ಸಂಕೇತಫಲಕಗಳನ್ನು ಕೊಡಲಾಗಿತ್ತು. ಅವುಗಳನ್ನು ಎತ್ತಿ ತೋರಿಸಿ ದೃಶ್ಯವನ್ನು ಇನ್ನೊಮ್ಮೆ ತೋರಿಸುವಂತೆ, ನಿಧಾನಗೊಳಿಸುವಂತೆ, ಚುರುಕುಗೊಳಿಸುವಂತೆ, ನಿಲ್ಲಿಸುವಂತೆ ಅಥವಾ ವಿವರಣೆ ನೀಡುವಂತೆ ಅವರು ಕೇಳಬಹುದಿತ್ತು. ಸಿಸ್ಪ್ ೧ರಲ್ಲಿ ಶಿಲ್ಪವು ಪರಿಸರಕ್ಕೆ ಓಗೊಟ್ಟಿತು. ಇಲ್ಲಿ ಇಡೀ ಪ್ರದರ್ಶನವೇ ಪ್ರೇಕ್ಷಕರಿಗೆ ಓಗೊಡಬೇಕೆಂಬುದು ಆಶಯವಾಗಿತ್ತು.

ಇತರ ಸಹಯೋಗಗಳು

ಲೋಹಶಿಲ್ಪ ಮತ್ತು ನೃತ್ಯಗಳ ಸಹಯೋಗವು ಬೇರೆ ಬಗೆಗಳಲ್ಲಿಯೂ ನಡೆದಿದೆ. ಅಮೆರಿಕದ ನರ್ತಕಿ ಮಾರ್ಥಾ ಗ್ರಹಾಂ ಅವರ ೧೯೩೫ರ ‘ಪನೊರಮಾ’ ಮತ್ತು ೧೯೩೬ರ ‘ಹೊರೈಜನ್ಸ್’ ಕೃತಿಗಳಿಗೆ ಅಲೆಕ್ಸಾಂಡರ್ ಕಾಲ್ಡರ್ ಅವರು ತೂಗಾಡುವ ಶಿಲ್ಪಗಳನ್ನು ರಚಿಸಿದರು. ಗ್ರಹಾಂ ಅವರೊಂದಿಗೆ ದಶಕಗಳ ಕಾಲ ಕೆಲಸ ಮಾಡಿದ ಇಸಾಮು ನೊಗುಚಿ ಅವರು ೧೯೪೬ರ ‘ಕೇವ್ ಆಫ್ ದ ಹಾರ್ಟ್’ ಕೃತಿಗಾಗಿ ಹಿತ್ತಾಳೆ ತಂತಿಗಳ ರಚನೆಯೊಂದನ್ನು ಮಾಡಿದರು. ಗ್ರೀಕ್ ಪುರಾಣದ ಮಿಡಿಯಾಳ ಪಾತ್ರಧಾರಿ ಅದನ್ನು ಉಡುಪಿನಂತೆ ತೊಟ್ಟು ನರ್ತಿಸುತ್ತಾಳೆ. ೨೦೧೦ರಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಪ್ರದರ್ಶನ ಕಂಡ ‘ಬೇಬೆಲ್’ ನೃತ್ಯಕ್ಕೆ ಬ್ರಿಟಿಷ್ ಶಿಲ್ಪಿ ಆಂಟನಿ ಗೋರ್ಮ್ಲಿ ಅವರು ಐದು ಬೃಹತ್ ಅಲ್ಯೂಮಿನಿಯಂ ಚೌಕಟ್ಟುಗಳನ್ನು ರೂಪಿಸಿದರು. ಸಿದಿ ಲಾರ್ಬಿ ಶೆರ್ಕವಿ ಮತ್ತು ದಾಮಿಯಾಂ ಜಲೇ ಸಂಯೋಜಿಸಿದ ಈ ಕೃತಿಯಲ್ಲಿ ನರ್ತಕರೇ ಚೌಕಟ್ಟುಗಳನ್ನು ಸರಿಸಿ, ಉರುಳಿಸಿ, ಒಂದರೊಳಗೊಂದು ಸೇರಿಸಿ ಮನೆ, ಗಡಿ, ಗೋಪುರಗಳ ಆಕಾರಗಳನ್ನು ಕಟ್ಟುತ್ತಾರೆ. ಕಾಲ್ಡರ್ ಅವರ ಶಿಲ್ಪ ತೂಗುತ್ತದೆ, ನೊಗುಚಿ ಅವರದನ್ನು ನರ್ತಕಿ ತೊಡುತ್ತಾಳೆ, ಗೋರ್ಮ್ಲಿ ಅವರದನ್ನು ನರ್ತಕರು ತಳ್ಳುತ್ತಾರೆ. ಶೋಫರ್ ಅವರದು ತಾನಾಗಿ ನಡೆಯುತ್ತದೆ. ಈ ವ್ಯತ್ಯಾಸವೇ ಸಿಸ್ಪ್ ೧ರ ವೈಶಿಷ್ಟ್ಯ.

ವಿಮರ್ಶೆ

ಸಿಸ್ಪ್ ೧ರ ಬಗೆಗಿನ ಚರ್ಚೆ ಮುಖ್ಯವಾಗಿ ಪ್ರತಿಕ್ರಿಯೆ ಮತ್ತು ಪ್ರೇರಣೆಗಳ ನಡುವಿನ ವ್ಯತ್ಯಾಸವನ್ನು ಕುರಿತದ್ದು. ಬಣ್ಣ ಕಂಡು ಚಲಿಸುವ ಯಂತ್ರವು ಪ್ರತಿಕ್ರಿಯಿಸುತ್ತದೆ ಎನ್ನಬಹುದು. ಆದರೆ ಅದು ತೀರ್ಮಾನಿಸುತ್ತದೆ ಎನ್ನಲಾಗದು. ಅದಕ್ಕೆ ದಣಿವಿಲ್ಲ, ಉಸಿರಿಲ್ಲ, ಬೀಳುವ ಭಯವಿಲ್ಲ. ನೃತ್ಯದಲ್ಲಿ ಪ್ರೇಕ್ಷಕರ ಮನಸ್ಸನ್ನು ಕಲಕುವುದು ಬಹುಮಟ್ಟಿಗೆ ಇವೇ ಆಗಿರುವುದರಿಂದ, ಶಿಲ್ಪವು ನರ್ತಕನ ಸ್ಥಾನವನ್ನು ತುಂಬಬಲ್ಲುದೆಂಬ ಮಾತನ್ನು ಒಪ್ಪುವುದು ಕಷ್ಟ. ಮತ್ತೊಂದು ಕಡೆಯಿಂದ ನೋಡಿದರೆ, ಮನುಷ್ಯನಲ್ಲದ ಜೊತೆಗಾರನಿದ್ದಾಗಲೇ ನರ್ತಕನ ಉಸಿರು, ಎಚ್ಚರ ಮತ್ತು ಹಿಂಜರಿಕೆಗಳು ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಮಾರ್ಸೇಲ್ಸ್‌ನ ತಾರಸಿಯ ಮೇಲೆ ಶಿಲ್ಪವು ಒಂಟಿಯಾಗಿ ಪ್ರದರ್ಶನ ನೀಡಲಿಲ್ಲ, ನರ್ತಕರೊಂದಿಗೆ ನೀಡಿತು ಎಂಬುದು ಈ ದೃಷ್ಟಿಯಿಂದ ಅರ್ಥಪೂರ್ಣ.

ಪ್ರಭಾವ

ಸಿಸ್ಪ್ ೧ ೧೯೬೮ರಲ್ಲಿ ಲಂಡನ್ನಿನಲ್ಲಿ ನಡೆದ, ಗಣಕಯಂತ್ರ ಮತ್ತು ಕಲೆಗಳ ಸಂಬಂಧವನ್ನು ಕುರಿತ ‘ಸೈಬರ್ನೆಟಿಕ್ ಸೆರೆಂಡಿಪಿಟಿ’ ಪ್ರದರ್ಶನದಲ್ಲಿ ಸ್ಥಾನ ಪಡೆಯಿತು. ಅದೇ ವರ್ಷ ಪ್ರಕಟವಾದ, ಆಧುನಿಕ ಶಿಲ್ಪಕಲೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಅಮೆರಿಕದ ವಿಮರ್ಶಕ ಜ್ಯಾಕ್ ಬರ್ನಮ್ ಅವರು ಶೋಫರ್ ಅವರ ಕೃತಿಗಳನ್ನು ಚರ್ಚಿಸಿದರು. ಬೆಜಾರ್ ಅವರು ಮುಂದೆ ಬ್ರಸೆಲ್ಸ್‌ನಲ್ಲಿ ತಮ್ಮ ಪ್ರಸಿದ್ಧ ನೃತ್ಯತಂಡವನ್ನು ಕಟ್ಟಿದರು. ೧೯೭೦ರಲ್ಲಿ ಅಲ್ಲಿಯೇ ಸ್ಥಾಪಿಸಿದ ನೃತ್ಯಶಾಲೆಗೆ ‘ಮುದ್ರಾ’ ಎಂಬ ಸಂಸ್ಕೃತ ಹೆಸರನ್ನಿಟ್ಟರು.

ಶೋಫರ್ ಅವರು ೧೯೯೨ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು. ಹುಟ್ಟೂರಾದ ಕಲೊಚಾದಲ್ಲಿ ಅವರ ಕೃತಿಗಳ ವಸ್ತುಸಂಗ್ರಹಾಲಯವಿದೆ. ೨೦೧೮ರಲ್ಲಿ ಉತ್ತರ ಫ್ರಾನ್ಸಿನ ವಿಲ್‌ನವ್ ದಾಸ್ಕ್ ಪಟ್ಟಣದ ಕಲಾಸಂಗ್ರಹಾಲಯವು ಅವರ ಜೀವಮಾನದ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು. ೨೦೧೦ರ ದಶಕದಿಂದ ಈಚೆಗೆ ಕೈಗಾರಿಕಾ ರೋಬಾಟ್‌ಗಳನ್ನು ರಂಗಕ್ಕೆ ತಂದ ಪ್ರಯೋಗಗಳು ಹೆಚ್ಚಿವೆ. ೨೦೧೪ರಲ್ಲಿ ವಿಲಿಯಂ ಫೋರ್ಸೈತ್ ಅವರು ಎರಡು ರೋಬಾಟ್‌ಗಳಿಂದ ಕಪ್ಪು ಬಾವುಟಗಳನ್ನು ಬೀಸಿಸಿದ ಕೃತಿ, ತೈವಾನಿನ ನೃತ್ಯಸಂಯೋಜಕ ಹುವಾಂಗ್ ಯಿ ಅವರು ರೋಬಾಟ್ ತೋಳಿನೊಂದಿಗೆ ನರ್ತಿಸಿದ ಕೃತಿ ಇವುಗಳಲ್ಲಿ ಹೆಸರಿಸಬೇಕಾದವು. ಇವುಗಳಲ್ಲಿ ಯಂತ್ರದ ಚಲನೆಯನ್ನು ಸಂಯೋಜಕರು ಮುಂಚಿತವಾಗಿ ಬರೆದಿಡುತ್ತಾರೆ. ಸಿಸ್ಪ್ ೧ರಲ್ಲಿ ಚಲನೆಯನ್ನು ಬರೆದಿಟ್ಟಿರಲಿಲ್ಲ. ಪ್ರತಿಕ್ರಿಯೆಯ ನಿಯಮಗಳನ್ನು ಮಾತ್ರ ನಿಗದಿಪಡಿಸಿ, ಉಳಿದುದನ್ನು ಆ ಹೊತ್ತಿನ ಬಣ್ಣ, ಬೆಳಕು, ಶಬ್ದಗಳಿಗೂ ಎದುರಿಗಿದ್ದ ನರ್ತಕರಿಗೂ ಬಿಡಲಾಗಿತ್ತು.